‘ಡಿಜಿಟಲ್ ಆಂಟೆನಾ’ ಹಾಕಿದ್ರೂ ಚಾನೆಲ್ ಸೊನ್ನೆ! ಯಾಕೆ? ಖರೀದಿಗೆ ಮುಂಚೆ ಇದನ್ನು ತಿಳಿದುಕೊಳ್ಳಿ

ಚಿಕ್ಕೋಡಿ: ಹೊಸ ಟಿವಿ ಮನೆಗೆ ಬಂತು. ಮಾಳಿಗೆ ಮೇಲೆ ‘ಡಿಜಿಟಲ್ ಆಂಟೆನಾ’ ಕಟ್ಟಿದ್ದೂ ಆಯ್ತು. ರಿಮೋಟ್ ಒತ್ತಿ ಚಾನೆಲ್ ಹುಡುಕಲು ಬಿಟ್ಟರೆ ಐದು ನಿಮಿಷ ತಿರುಗಿ ತಿರುಗಿ ಕೊನೆಗೆ ಪರದೆ ಮೇಲೆ ಬರುವುದು ಒಂದೇ ಅಂಕಿ: ಸೊನ್ನೆ. ಗಿರಾಕಿ ಅಂಗಡಿಗೆ ಬಂದು “ಟಿವಿನ ಕೆಟ್ಟೈತ್ರಿ, ಬದಲಿ ಕೊಡ್ರಿ” ಅಂತಾನೆ. ಅಂಗಡಿಯವರು “ಆಂಟೆನಾ ಇನ್ನೂ ಎತ್ತರಕ್ಕೆ ಕಟ್ರಿ” ಅಂತಾರೆ. ಇಬ್ಬರದೂ ತಪ್ಪಲ್ಲ, ಟಿವಿದೂ ತಪ್ಪಲ್ಲ. ಹಿಡಿಯಬೇಕಾದ ಸಿಗ್ನಲ್ಲೇ ಈ ಭಾಗಕ್ಕೆ ಬರುತ್ತಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ತಿಂಗಳ ರೀಚಾರ್ಜ್ ಭಾರವಾಗಿ, “ಒಂದು ಸಲ ರೊಕ್ಕ ಹಾಕಿದ್ರ ಸಾಕು, ಆಮೇಲೆ ಪುಕ್ಕಟೆ” ಅನ್ನುವ ದಾರಿ ಹುಡುಕುವ ಮನೆಗಳು ಕಡಿಮೆಯೇನಿಲ್ಲ. ಅಂಥ ದಾರಿ ಇದೆ. ಆದರೆ ಅದಕ್ಕೆ ಬೇಕಾದ್ದು ಹಳೇ ಆಂಟೆನಾ ಅಲ್ಲ. ತಪ್ಪು ಸಾಮಾನು ಕೊಂಡರೆ ಹಣ ನೀರಿಗೆ ಹಾಕಿದಂತೆ.

ಹಳೇ ಆಂಟೆನಾ ಯಾಕೆ ನಿಂತಿತು?

ಮೊದಲು ದೂರದರ್ಶನ ನೆಲದ ಮೇಲಿನ ಗೋಪುರಗಳಿಂದಲೇ ಬರುತ್ತಿತ್ತು. ಒಬ್ಬರು ಮಾಳಿಗೆ ಮೇಲೆ ಆಂಟೆನಾ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ “ಬಂತು, ಬಂತು... ಹೋತು” ಅಂತ ಕೂಗುವುದು ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಅದು ಅನಲಾಗ್ ಪ್ರಸಾರ. ಒಂದು ಗೋಪುರದಿಂದ ಒಂದೋ ಎರಡೋ ವಾಹಿನಿ. ಸಿಗ್ನಲ್ ಕಡಿಮೆಯಾದರೆ ಚಿತ್ರದ ಮೇಲೆ ಹಿಟ್ಟು ಚೆಲ್ಲಿದಂತೆ ಚುಕ್ಕಿ, ಒಂದರ ಪಕ್ಕ ಇನ್ನೊಂದು ನೆರಳು. ಆದರೂ ಏನೋ ಒಂದು ಕಾಣುತ್ತಿತ್ತು.

ಪ್ರಸಾರ ಭಾರತಿ ಈ ಅನಲಾಗ್ ಗೋಪುರಗಳನ್ನು ಹಂತ ಹಂತವಾಗಿ ಬಂದ್ ಮಾಡಿತು. 2022ರ ಮಾರ್ಚ್ 31ರ ಹೊತ್ತಿಗೆ ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50 ಗೋಪುರಗಳನ್ನು ಬಿಟ್ಟು ದೇಶದ ಬಹುತೇಕ ಎಲ್ಲವನ್ನೂ ನಿಲ್ಲಿಸುವ ಯೋಜನೆ ಅದರದಾಗಿತ್ತು. ಯಂತ್ರಗಳು ಹಳೆಯವು, ಬಿಡಿಭಾಗ ದುಬಾರಿ, ಕರೆಂಟ್ ಖರ್ಚು ಬಹಳ, ನೋಡುವವರು ಕಡಿಮೆ ಎಂಬುದು ಕಾರಣ. ಹಾಗಾಗಿ ಮನೆ ಮೇಲೆ ಇವತ್ತಿಗೂ ಉಳಿದಿರುವ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಈಗ ಕಾಗೆ ಕೂರಲು ಅಷ್ಟೇ.

ಹಾಗಾದರೆ ‘ಡಿಜಿಟಲ್’ ಗೋಪುರ ಎಲ್ಲಿದೆ?

ನೆಲದ ಗೋಪುರದಿಂದಲೇ ಡಿಜಿಟಲ್ ಸಿಗ್ನಲ್ ಕಳಿಸುವ ಪದ್ಧತಿಯೂ ಇದೆ. ಭಾರತ ಆರಿಸಿಕೊಂಡ ಮಾದರಿಯ ಹೆಸರು ಡಿವಿಬಿ-ಟಿ2. ಮೊದಲು ಒಂದು ವಾಹಿನಿ ಹೋಗುತ್ತಿದ್ದ ಜಾಗದಲ್ಲಿ ಇದು ಹಲವು ವಾಹಿನಿ ಕಳಿಸಬಲ್ಲದು, ಚಿತ್ರವೂ ಸ್ವಚ್ಛ. 2016ರ ಫೆಬ್ರುವರಿ 25ರಿಂದ ದೂರದರ್ಶನ ಇದನ್ನು ದೇಶದ 16 ನಗರಗಳಲ್ಲಿ ಶುರು ಮಾಡಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಮಹಾರಾಷ್ಟ್ರದಿಂದ ಮುಂಬೈ ಮತ್ತು ಔರಂಗಾಬಾದ್. ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕೊಲ್ಲಾಪುರ, ಸಾಂಗ್ಲಿ ಯಾವುದೂ ಇರಲಿಲ್ಲ.

ಚಿಕ್ಕೋಡಿಯಿಂದ ನೇರ ಗೆರೆ ಎಳೆದರೆ ಮುಂಬೈ ಸುಮಾರು 345 ಕಿ.ಮೀ., ಬೆಂಗಳೂರು ಸುಮಾರು 500 ಕಿ.ಮೀ. ಟಿವಿ ಗೋಪುರದ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಭೂಮಿ ಗುಂಡಗಿದೆ, ಹಾಗಾಗಿ ಸ್ವಲ್ಪ ದೂರದ ನಂತರ ಅಲೆ ನಮ್ಮ ತಲೆ ಮೇಲಿಂದ ಆಕಾಶಕ್ಕೆ ಹಾದುಹೋಗುತ್ತದೆ. 150 ಮೀಟರ್ ಎತ್ತರದ ಗೋಪುರ, 10 ಮೀಟರ್ ಎತ್ತರದಲ್ಲಿ ಮನೆಯ ಆಂಟೆನಾ ಅಂತ ಲೆಕ್ಕ ಹಾಕಿದರೆ ಸಿಗ್ನಲ್ ಸಿಗುವ ದೂರ 60 ಕಿ.ಮೀ. ಆಸುಪಾಸು. ಗುಡ್ಡದ ಮೇಲಿನ ಗೋಪುರವಾದರೆ ಇನ್ನಷ್ಟು. ನಡುವೆ ನಿಪ್ಪಾಣಿ ಹತ್ತಿರದ ತವಂದಿ ಘಾಟ್‌ನಂಥ ಏರು ಬಂದರೆ ಅದೂ ಕಡಿಮೆ. ಆಂಟೆನಾ ಇನ್ನೆರಡು ಪೈಪು ಎತ್ತರಕ್ಕೆ ಕಟ್ಟಿದರೆ 345 ಕಿ.ಮೀ. ದಾಟುವುದಿಲ್ಲ.

ಡಿಜಿಟಲ್ ಸಿಗ್ನಲ್‌ಗೆ ಇನ್ನೊಂದು ಗುಣವಿದೆ. ಸಾಕಷ್ಟು ಸಿಕ್ಕರೆ ಪೂರ್ತಿ ಚಿತ್ರ, ಕಡಿಮೆಯಾದರೆ ಚೌಕ ಚೌಕವಾಗಿ ಒಡೆದು ಏಕದಂ ಖಾಲಿ. ಅನಲಾಗ್ ಕಾಲದ ‘ಮಸುಕು ಮಸುಕಾದ್ರೂ ಬರ್ತದ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

‘ಡಿಜಿಟಲ್ ಆಂಟೆನಾ’ ಅನ್ನೋದು ಬರೀ ಹೆಸರು

ಆಂಟೆನಾದಲ್ಲಿ ಅನಲಾಗ್, ಡಿಜಿಟಲ್ ಅಂತ ಜಾತಿ ಇಲ್ಲ. ಅದು ಅಲೆ ಹಿಡಿಯುವ ಲೋಹ ಅಷ್ಟೇ. ಡಿಜಿಟಲ್ ಆಗಬೇಕಾದ್ದು ಟಿವಿ ಅಥವಾ ಬಾಕ್ಸ್ ಒಳಗಿನ ಟ್ಯೂನರ್. ಆನ್‌ಲೈನ್‌ನಲ್ಲಿ “ನೂರಾರು ಚಾನೆಲ್ ಫ್ರೀ” ಅಂತ ಬರುವ ಅಂಗೈ ಅಗಲದ ಆಂಟೆನಾಗಳು ನೆಲದ ಡಿಜಿಟಲ್ ಗೋಪುರಗಳು ತುಂಬಾ ಇರುವ ದೇಶಗಳಿಗೆ ಮಾಡಿದವು. ಇಲ್ಲಿ ಗೋಡೆಗೆ ಅಂಟಿಸಿದರೆ ಅಲಂಕಾರ.

ಬಾಕ್ಸ್ ಕೊಳ್ಳುವಾಗ ಅದರ ಮೇಲಿನ ಅಕ್ಷರ ನೋಡಿ. ಮೂರು ಬಗೆ ಇವೆ:

• ಡಿವಿಬಿ-ಟಿ ಅಥವಾ ಟಿ2: ನೆಲದ ಗೋಪುರದ ಸಿಗ್ನಲ್‌ಗೆ. ಈ ಐದು ತಾಲೂಕಿನ ಮನೆಗೆ ಉಪಯೋಗವಿಲ್ಲ.
• ಡಿವಿಬಿ-ಸಿ: ಕೇಬಲ್‌ಗೆ. ಇದನ್ನು ನಿಮ್ಮ ಕೇಬಲ್‌ನವರೇ ಕೊಡುತ್ತಾರೆ.
• ಡಿವಿಬಿ-ಎಸ್ ಅಥವಾ ಎಸ್2: ಉಪಗ್ರಹದ ಸಿಗ್ನಲ್‌ಗೆ, ಅಂದರೆ ಡಿಶ್‌ಗೆ. ಪುಕ್ಕಟೆ ದೂರದರ್ಶನಕ್ಕೆ ಬೇಕಾದ್ದು ಇದೇ.

ಟಿವಿಯ ಹಿಂಭಾಗದ ‘ಆಂಟೆನಾ’ ತೂತಿಗೆ ಡಿಶ್‌ನ ವೈರ್ ಚುಚ್ಚಿದರೂ ಏನೂ ಬರುವುದಿಲ್ಲ. ಎರಡರ ಟ್ಯೂನರ್ ಬೇರೆ. ಕೆಲವು ಟಿವಿಗಳಲ್ಲಿ ಉಪಗ್ರಹದ ಟ್ಯೂನರ್ ಒಳಗೇ ಇರುತ್ತದೆ. ಅವುಗಳಲ್ಲಿ ತಿರುಪಿನ ಎಳೆ ಇರುವ ಬೇರೆ ಜಾಗ ಇರುತ್ತದೆ, ಮೆನುವಿನಲ್ಲಿ ‘ಆಂಟೆನಾ’, ‘ಕೇಬಲ್’ ಜೊತೆ ‘ಸ್ಯಾಟಲೈಟ್’ ಎಂದೂ ಕಾಣುತ್ತದೆ. ಇಂಥ ಟಿವಿಗಳಿಗೆ ಭಾರತೀಯ ಮಾನಕ ಸಂಸ್ಥೆ ಐಎಸ್ 18112:2022 ಎಂಬ ಮಾನದಂಡ ತಂದಿದೆ. ಹೊಸ ಟಿವಿ ಕೊಳ್ಳುವವರು ಇದನ್ನು ಕೇಳಿ ಕೊಂಡರೆ ಬಾಕ್ಸ್ ಖರ್ಚು ಉಳಿಯಬಹುದು.

ಪುಕ್ಕಟೆ ದಾರಿ: ಫ್ರೀ ಡಿಶ್

ದೂರದರ್ಶನದ ಡಿಶ್ ಸೇವೆ 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಹೆಸರಲ್ಲಿ ಶುರುವಾಯಿತು. ಈಗಿನ ಹೆಸರು ‘ಡಿಡಿ ಫ್ರೀ ಡಿಶ್’. ತಟ್ಟೆ, ಎಲ್‌ಎನ್‌ಬಿ, ವೈರ್, ಬಾಕ್ಸ್‌ಗೆ ಒಂದು ಸಲ ಖರ್ಚು. ಆಮೇಲೆ ತಿಂಗಳ ಶುಲ್ಕವಿಲ್ಲ, ರೀಚಾರ್ಜ್ ಇಲ್ಲ. ಫ್ರೀ ಡಿಶ್‌ಗೆ ಯಾರಾದರೂ ತಿಂಗಳ ಹಣ ಕೇಳಿದರೆ ಅದು ಮೋಸ.

ಸಿಗ್ನಲ್ ಬರುವುದು ಭೂಮಿಯಿಂದ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಅದಿರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಮ್ಮ ಐದೂ ತಾಲೂಕುಗಳಿಂದ ನೋಡಿದರೆ ಅದು ಆಗ್ನೇಯಕ್ಕೆ, ಅಂದರೆ ಮನೆ ಕಟ್ಟುವಾಗ ಅಡುಗೆ ಕೋಣೆ ಇಡುವ ಮೂಲೆಯ ಕಡೆಗೆ. ಮೊಬೈಲ್‌ನ ದಿಕ್ಸೂಚಿಯಲ್ಲಿ ಸುಮಾರು 130 ಡಿಗ್ರಿ. ಎತ್ತರ ನೆಲಮಟ್ಟದಿಂದ ಸುಮಾರು 61 ಡಿಗ್ರಿ. ಆದರೆ ಸಾಮಾನ್ಯ ಡಿಶ್‌ನ ತಟ್ಟೆ ಓರೆ ಮಾದರಿಯದು, ಹಾಗಾಗಿ ಅದರ ಮುಖ ನೋಡಲು ಅಷ್ಟು ಮೇಲಕ್ಕಿದ್ದಂತೆ ಕಾಣುವುದಿಲ್ಲ. ಅಂದಾಜಿಗೆ ಕೂರಿಸಿ, ಬಾಕ್ಸ್‌ನಲ್ಲಿ ಸಿಗ್ನಲ್‌ನ ಗುಣಮಟ್ಟ ತೋರಿಸುವ ಪಟ್ಟಿ ನೋಡುತ್ತ ಕೂದಲೆಳೆಯಷ್ಟು ಸರಿಸಬೇಕು. ಒಂದೆರಡು ಡಿಗ್ರಿ ತಪ್ಪಿದರೂ ಬರುವುದಿಲ್ಲ.

ಆಗ್ನೇಯದ ಕಡೆ ತೆಂಗು, ಬೇವು, ಪಕ್ಕದ ಮನೆ ಗೋಡೆ ಅಡ್ಡ ಇರಬಾರದು. ಲೆಕ್ಕ ಸರಳ: ತಟ್ಟೆಗಿಂತ 18 ಅಡಿ ಎತ್ತರದ ಗಿಡ ಇದ್ದರೆ ಅದರಿಂದ ಹತ್ತು ಹನ್ನೆರಡು ಅಡಿಯಾದರೂ ದೂರ ಕೂರಿಸಿ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಎಲ್‌ಎನ್‌ಬಿ ‘ಯೂನಿವರ್ಸಲ್ 9750-10600’ ಇರಬೇಕು. ಹಳೇ ಡಿಶ್ ಕಂಪನಿಯ ತಟ್ಟೆ ಮನೆಯಲ್ಲಿದ್ದರೆ ಅದನ್ನೇ ತಿರುಗಿಸಿ ಬಳಸಬಹುದು, ಎಲ್‌ಎನ್‌ಬಿ ಹೊಂದುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಬಾಕ್ಸ್ ಎಂಪೆಗ್-4 ಇರಲಿ. ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಎಲ್ಲ ವಾಹಿನಿ ತೆರೆಯುವುದಿಲ್ಲ. ಎಂಪೆಗ್-4ರಲ್ಲಿ ಎರಡೂ ಬಗೆ ಬರುತ್ತವೆ.

ಕನ್ನಡ ಎಷ್ಟು ಸಿಗುತ್ತದೆ?

ಗಡಿಭಾಗದ ಮನೆಗಳು ಮೊದಲು ಕೇಳುವುದು ಇದನ್ನೇ. ನೆಲದ ಗೋಪುರದ ಕಾಲದಲ್ಲಿ ಯಾವ ಭಾಷೆ ಬರುತ್ತದೆ ಎನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಹತ್ತಿರದ ಗೋಪುರ. ಉಪಗ್ರಹಕ್ಕೆ ರಾಜ್ಯದ ಗಡಿ ಇಲ್ಲ. ಬೆಂಗಳೂರಿನಲ್ಲಿ ಕಾಣುವ ಡಿಡಿ ಚಂದನ ಕಾಗವಾಡದಲ್ಲೂ ಅಷ್ಟೇ ಸ್ವಚ್ಛವಾಗಿ ಕಾಣುತ್ತದೆ. ಅದೇ ತಟ್ಟೆಯಲ್ಲಿ ಮರಾಠಿಯ ಡಿಡಿ ಸಹ್ಯಾದ್ರಿಯೂ ಬರುತ್ತದೆ.

ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಹಿಡಿದು ಬರುತ್ತವೆ. ಹೆಚ್ಚಿನವು ಹಿಂದಿಯವು. ವರ್ಷದ ಹರಾಜು ಮುಗಿದು ಏಪ್ರಿಲ್ 1ರಿಂದ ಪಟ್ಟಿ ಬದಲಾಗುತ್ತದೆ, ಆಗ ಬಾಕ್ಸ್‌ನಲ್ಲಿ ಮತ್ತೆ ಚಾನೆಲ್ ಹುಡುಕಿಸಬೇಕು. ಕನ್ನಡದ ಖಾಸಗಿ ಧಾರಾವಾಹಿ, ಸುದ್ದಿ ವಾಹಿನಿಗಳನ್ನೇ ನೋಡುವ ಮನೆಯಾದರೆ ಕೇಬಲ್ ಅಥವಾ ರೀಚಾರ್ಜ್ ಡಿಶ್ ಬಿಡುವ ಮುಂಚೆ ಈಗಿನ ಪಟ್ಟಿ ನೋಡಿ. “ಎಲ್ಲಾ ಕನ್ನಡ ಚಾನೆಲ್ ಬರ್ತಾವ” ಅಂತ ಹೇಳಿ ಮಾರುವ ಅಂಗಡಿಯವರಿಗೆ ಗಿರಾಕಿ ಮರುದಿನವೇ ವಾಪಸ್ ಬರುತ್ತಾನೆ.

ಮಳೆ, ಹೊಳೆ, ಕರೆಂಟ್

ಡಿಶ್‌ಗೂ ಕೊರತೆ ಇದೆ. ದಪ್ಪ ಮಳೆ ಹನಿಗಳು ಉಪಗ್ರಹದ ಅಲೆಯನ್ನು ಹೀರುತ್ತವೆ, ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ಚಿತ್ರ ಹೋಗುತ್ತದೆ. 2019 ಮತ್ತು 2021ರಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದ್ದನ್ನು ಕಂಡ ಊರುಗಳಿಗೆ ಸುದ್ದಿ ಎಷ್ಟು ಮುಖ್ಯ ಅಂತ ಹೇಳಬೇಕಿಲ್ಲ. ಹೊಳೆದಂಡೆಯ ಮನೆಗಳು ಟಿವಿಯೊಂದನ್ನೇ ನಂಬಿ ಕೂರದೆ ಬ್ಯಾಟರಿ ರೇಡಿಯೊ ಇಟ್ಟುಕೊಳ್ಳುವುದು ಒಳ್ಳೆಯದು. ಮೊಬೈಲ್ ಡೇಟಾ ಇದ್ದವರು ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ‘ವೇವ್ಸ್’ ಆ್ಯಪ್‌ನಲ್ಲಿ ದೂರದರ್ಶನದ ವಾಹಿನಿ ನೋಡಬಹುದು.

ನೆಲದ ಗೋಪುರದಿಂದ ನೇರವಾಗಿ ಮೊಬೈಲ್‌ಗೆ, ಇಂಟರ್ನೆಟ್ ಇಲ್ಲದೆ ಟಿವಿ ಕಳಿಸುವ ತಂತ್ರಜ್ಞಾನವೂ ಪ್ರಯೋಗದಲ್ಲಿದೆ. ಪ್ರಸಾರ ಭಾರತಿ ಜೊತೆ ಐಐಟಿ ಕಾನ್ಪುರ ಕೆಲಸ ಮಾಡಿದೆ. ಆದರೆ ಅದಕ್ಕೆ ಬೇರೆ ಚಿಪ್ ಇರುವ ಫೋನ್ ಬೇಕು. ಅದನ್ನು ನಂಬಿ ಇವತ್ತು ಆಂಟೆನಾ ಕೊಳ್ಳಬೇಡಿ.

‘ಫ್ರೀ ಬಾಕ್ಸ್’ ಎಂದು ಹಣ ಕೇಳಿದರೆ?

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 2,539.61 ಕೋಟಿ ರೂಪಾಯಿಯ ಪ್ರಸಾರ ಸೌಕರ್ಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ದುರ್ಗಮ, ಬುಡಕಟ್ಟು, ನಕ್ಸಲ್ ಪೀಡಿತ ಮತ್ತು ಗಡಿ ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸ್ ಉಚಿತವಾಗಿ ಹಂಚುವ ಮಾತಿದೆ. ಇಲ್ಲಿ ಗಡಿ ಅಂದರೆ ದೇಶದ ಗಡಿ, ಕರ್ನಾಟಕ-ಮಹಾರಾಷ್ಟ್ರ ಗಡಿ ಅಲ್ಲ. ಆ ಹೆಸರಲ್ಲಿ ಯಾರಾದರೂ ಮನೆಗೆ ಬಂದು ಆಧಾರ್, ಓಟಿಪಿ, ಮುಂಗಡ ಹಣ ಕೇಳಿದರೆ ಕೊಡಬೇಡಿ.

ಅಂಗಡಿಯವರಿಗೆ, ಗಿರಾಕಿಗಳಿಗೆ ಕೊನೆಯ ಮಾತು

ಅಂಗಡಿಯವರು ಬಿಲ್ ಮೇಲೆ ಬಾಕ್ಸ್‌ನ ಬಗೆ ಬರೆದುಕೊಡಿ: ಎಸ್2, ಎಂಪೆಗ್-4. ಮಾರುವ ಮುಂಚೆ ಅಂಗಡಿಯಲ್ಲೇ ಒಂದು ತಟ್ಟೆ ಕೂರಿಸಿ ತೋರಿಸಿದರೆ ಜಗಳವೇ ಇರುವುದಿಲ್ಲ. ಗಿರಾಕಿಗಳು ಬಿಲ್ ಇಲ್ಲದೆ ತರಬೇಡಿ. ಸುಳ್ಳು ಹೇಳಿ ಮಾರಿದ್ದಾರೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮಾಳಿಗೆ ಮೇಲಿನ ಹಳೇ ಆಂಟೆನಾ ಇಳಿಸಿ ಗುಜರಿಗೆ ಹಾಕಿದರೆ ನಾಲ್ಕು ಕಾಸಾದರೂ ಬಂದೀತು. ಪೈಪ್ ಗಟ್ಟಿಯಿದ್ದರೆ ಇಟ್ಟುಕೊಳ್ಳಿ, ಡಿಶ್ ಕೂರಿಸಲು ಬೇಕಾಗುತ್ತದೆ.