ಬೆಟ್ಟದ ಸೈಕಲ್ಲಿನ ಗೇರು: ದರ್ಜೆಯೂ ದಾಸ್ತಾನೂ

ಊರ್ಡಿಗೆರೆಗೆ ಸಮೀಪದ ದೇವರಾಯನದುರ್ಗದ ರಸ್ತೆಯಲ್ಲಿ ರಜಾ ದಿನಗಳ ಮುಂಜಾನೆ ಗೇರ್ ಸೈಕಲ್ ಸವಾರರನ್ನು ಕಾಣುವುದು ಈಗ ಹೊಸತಲ್ಲ. ಭೋಗಾನರಸಿಂಹಸ್ವಾಮಿಯ ಸನ್ನಿಧಿಯಿಂದ ಮೇಲಕ್ಕೆ ಹತ್ತುವ ದಾರಿಯು ಸವಾರನ ಕಾಲಿಗಿಂತ ಮೊದಲು ಗೇರಿನ ಗುಣಮಟ್ಟವನ್ನು ಪರೀಕ್ಷಿಸುತ್ತದೆ. ಆದರೆ ಸೈಕಲ್ ವ್ಯಾಪಾರಿಗಳ ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ‘ಗೇರ್ ಸಾಮಾನು’ ಎಂಬ ಒಂದೇ ಸಾಲು. ನಷ್ಟವು ಅಡಗಿರುವುದು ಆ ಸಾಲಿನಲ್ಲಿಯೇ.

ಜಪಾನಿನ ಸಕಾಯ್ ನಗರದಲ್ಲಿ 1921ರಲ್ಲಿ ಆರಂಭವಾದ ಶಿಮಾನೊ ಸಂಸ್ಥೆಯ ಶ್ರೇಣಿಯು ಬಹುಕಾಲ ಹೀಗಿತ್ತು: ಕೆಳಗೆ ಟೂರ್ನಿ, ಅದರ ಮೇಲೆ ಆಲ್ಟಸ್, ಅಸೆರಾ, ಅಲಿವಿಯೊ; ನಂತರ ಡಿಯೋರ್, ಎಸ್‌ಎಲ್‌ಎಕ್ಸ್, ಡಿಯೋರ್ ಎಕ್ಸ್‌ಟಿ; ತುದಿಯಲ್ಲಿ ಎಕ್ಸ್‌ಟಿಆರ್. ಮೇಲೇರಿದಂತೆ ತೂಕ ಇಳಿಯುತ್ತದೆ, ಬೆಲೆ ಏರುತ್ತದೆ. ಡಿಯೋರ್ ದಾಟಿದ ಮೇಲೆ ಗ್ರಾಹಕನು ಹೆಚ್ಚಾಗಿ ಹಣ ತೆರುವುದು ಬಾಳಿಕೆಗಲ್ಲ, ಹಗುರತನಕ್ಕೆ ಎಂಬುದು ನನ್ನ ಅಭಿಪ್ರಾಯ.

ಹೆಸರಿಗಿಂತ ಮುಖ್ಯವಾದ ಭೇದವೊಂದಿದೆ. ಅಗ್ಗದ ಆರು, ಏಳು ಗೇರಿನ ಸೈಕಲ್ಲುಗಳಲ್ಲಿ ಹಿಂಬದಿಯ ಹಲ್ಲುಚಕ್ರಗಳು ಫ್ರೀವೀಲ್ ರೂಪದಲ್ಲಿ ಹಬ್ಬಿಗೆ ತಿರುಪಿನಂತೆ ಕೂಡುತ್ತವೆ. ಅದರಲ್ಲಿ ಬಲಬದಿಯ ಬೇರಿಂಗು ಒಳಗೇ ಉಳಿಯುವುದರಿಂದ, ಹೊರಚಾಚಿದ ಆಕ್ಸಲ್ ಏರುತಗ್ಗಿನ ಪೆಟ್ಟಿಗೆ ಬಾಗುತ್ತದೆ. ಕ್ಯಾಸೆಟ್ ಮಾದರಿಯಲ್ಲಿ ಬೇರಿಂಗು ಹೊರತುದಿಗೆ ಸರಿದು ಈ ದೋಷ ಬಹುಮಟ್ಟಿಗೆ ನೀಗುತ್ತದೆ. ಬೆಟ್ಟ ಹತ್ತುವ ಗ್ರಾಹಕನಿಗೆ ಫ್ರೀವೀಲ್ ಸೈಕಲ್ ಮಾರಿದ ಅಂಗಡಿಗೆ ಅದೇ ಚಕ್ರ ದುರಸ್ತಿಗೆಂದು ಮರಳಿ ಬಂದರೆ ಅಚ್ಚರಿಪಡಬೇಕಿಲ್ಲ.

ಕಣ್ಣಿಗೆ ಬೀಳುವ ಹಿಂದಿನ ಡಿರೈಲರನ್ನು ಮಾತ್ರ ಮೇಲಿನ ದರ್ಜೆಯದಾಗಿಸಿ, ಶಿಫ್ಟರ್, ಚೈನ್, ಬಾಟಮ್ ಬ್ರಾಕೆಟ್ಟುಗಳಲ್ಲಿ ಉಳಿತಾಯ ಮಾಡುವ ಪದ್ಧತಿಯೂ ತಯಾರಕರಲ್ಲುಂಟು. ಖರೀದಿಸುವಾಗ ಪ್ರತಿಯೊಂದು ಭಾಗದ ಹೆಸರನ್ನು ಬಿಲ್ಲಿನೊಡನೆ ಬರೆಸಿಕೊಳ್ಳುವುದು ಲೇಸು.

2023ರಲ್ಲಿ ಶಿಮಾನೊ ‘ಕ್ಯೂಸ್’ ಎಂಬ ಹೊಸ ಶ್ರೇಣಿಯನ್ನು ತಂದು, ಆಲ್ಟಸ್, ಅಸೆರಾ, ಅಲಿವಿಯೊಗಳ ಸ್ಥಾನವನ್ನು ಅದರಿಂದ ತುಂಬಲು ಹೊರಟಿತು. ಇದರ ಲಿಂಕ್‌ಗ್ಲೈಡ್ ಕ್ಯಾಸೆಟ್ಟಿನ ಹಲ್ಲುಗಳು ದಪ್ಪ. ಹಳೆಯ ಹೈಪರ್‌ಗ್ಲೈಡ್ ಶಿಫ್ಟರುಗಳೊಡನೆ ಅವು ಹೊಂದುವುದಿಲ್ಲ. ಅಮೆರಿಕದ ಸ್ರ್ಯಾಮ್ ಸಂಸ್ಥೆಯ ಹನ್ನೆರಡು ಗೇರಿನ ಈಗಲ್ ಶ್ರೇಣಿಯಲ್ಲಿಯೂ ಹೀಗೆಯೇ: ಎನ್‌ಎಕ್ಸ್ ಕ್ಯಾಸೆಟ್ ಸಾಮಾನ್ಯ ಹಬ್ಬಿಗೆ ಕೂಡುತ್ತದೆ, ಜಿಎಕ್ಸ್ ಕ್ಯಾಸೆಟ್ಟಿಗೆ ಬೇರೆಯೇ ಬಗೆಯ ಹಬ್ಬು ಬೇಕು. ಆದಕಾರಣ ದರ್ಜೆ, ಗೇರಿನ ಸಂಖ್ಯೆ, ಹಬ್ಬಿನ ಬಗೆ ಈ ಮೂರನ್ನೂ ದಾಸ್ತಾನು ಪುಸ್ತಕದಲ್ಲಿ ಬೇರೆ ಬೇರೆ ನಮೂದಿಸತಕ್ಕದ್ದು.

ಇನ್ನು ಲೆಕ್ಕದ ಮಾತು. ಮಾರಾಟವಾಗದೆ ಉಳಿದ ಹಳೆಯ ಭಾಗಗಳನ್ನು ಕೊಂಡ ಬೆಲೆಗೇ ತೋರಿಸುವುದು ತಪ್ಪು. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು. ಹೀಗೆ ಮೌಲ್ಯ ಇಳಿಸಿದ ಮಾತ್ರಕ್ಕೆ ಜಿಎಸ್‌ಟಿ ಜಮೆಯನ್ನು ಹಿಂದಿರುಗಿಸಬೇಕಾಗಿಲ್ಲ. ಸರಕನ್ನು ಪುಸ್ತಕದಿಂದಲೇ ತೆಗೆದುಹಾಕಿದರೆ ಕಾಯಿದೆಯ 17(5)ನೇ ಕಲಮು ಅನ್ವಯಿಸಿ ಹಿಂದಿರುಗಿಸಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅದಕ್ಕೂ ಮುಂಚೆ ಶೇ. 12 ತೆತ್ತು ಕೊಂಡ ಏಳು ಗೇರಿನ ಫ್ರೀವೀಲುಗಳು ಅಂಗಡಿಯಲ್ಲಿ ಇನ್ನೂ ಉಳಿದಿದ್ದರೆ, ಅವನ್ನು ರಿಯಾಯಿತಿಯಲ್ಲಿ ಊರಿನ ದುರಸ್ತಿಗಾರರಿಗೆ ಈ ವರ್ಷವೇ ಮಾರಿಬಿಡುವುದು ಮೇಲು.