ನಿಮ್ಮ ಕಾಡಿಗೆಗೆ ಮೊಲದ ಕಣ್ಣೇಕೆ?

ಮದುವೆಮನೆಗೆ ಹೊರಟರೆ ಕಣ್ಣಿಗೆ ಕಾಡಿಗೆ, ತುಟಿಗೆ ತೆಳುವಾಗಿ ಲಿಪ್‌ಸ್ಟಿಕ್ ಬೇಕೇ ಬೇಕು. ಕೊಳ್ಳುವಾಗ ಬಣ್ಣ ನೋಡ್ತೀವಿ, ಬೆಲೆ ನೋಡ್ತೀವಿ, ಎಕ್ಸ್‌ಪೈರಿ ಡೇಟ್ ಕೂಡ ನೋಡ್ತೀವಿ. ಆದರೆ ಅದನ್ನು ಯಾವುದಾದರೂ ಪ್ರಾಣಿಯ ಮೇಲೆ ಪ್ರಯೋಗಿಸಿದ್ದಾರಾ ಅಂತ ಮಾತ್ರ ಕೇಳೋದಿಲ್ಲ, ಅಲ್ಲವೇ?

1944ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಡ್ರೇಜ್ ಒಂದು ಪರೀಕ್ಷೆ ರೂಪಿಸಿದರು. ಮೊಲದ ಕಣ್ಣಿಗೆ ರಾಸಾಯನಿಕ ಹಾಕಿ, ಅದು ಎಷ್ಟು ಕೆಂಪಾಗುತ್ತದೆ, ಊದುತ್ತದೆ, ಹುಣ್ಣಾಗುತ್ತದೆ ಎಂದು ದಿನಗಟ್ಟಲೆ ನೋಡುವುದು. ಮೊಲಕ್ಕೆ ಕಣ್ಣೀರು ಕಡಿಮೆ, ಹಾಕಿದ್ದು ಬೇಗ ತೊಳೆದುಹೋಗುವುದಿಲ್ಲ. ಶಾಂಪೂವಿನ ಒಂದು ಹನಿ ಕಣ್ಣಿಗೆ ಬಿದ್ದರೆ ನಾವೆಷ್ಟು ಒದ್ದಾಡ್ತೀವಿ, ನೆನಪಿಸಿಕೊಳ್ಳಿ! ಮೊಲದ ಕಣ್ಣು ನಮ್ಮ ಕಣ್ಣಿನಂತಲ್ಲ, ಹಾಗಾಗಿ ಫಲಿತಾಂಶ ನಮಗೆ ಹೊಂದಬೇಕೆಂದೂ ಇಲ್ಲ. ಈಗ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಮೇಲೇ ಇಂಥ ಪರೀಕ್ಷೆ ಮಾಡಬಹುದು.

ಸಮಾಧಾನದ ಸಂಗತಿಯೆಂದರೆ, ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರ ಮೇ ತಿಂಗಳಲ್ಲಿ ನಿಷೇಧಿಸಿತು. ಅದೇ ನವೆಂಬರ್‌ನಲ್ಲಿ ಹಾಗೆ ಪರೀಕ್ಷಿಸಿದ ಸಾಮಾನಿನ ಆಮದಿಗೂ ತಡೆ ಬಿತ್ತು. ಹಾಗಾದರೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಎಲ್ಲ ದೇಶಗಳಲ್ಲೂ ಈ ಕಾನೂನಿಲ್ಲ. ಇಲ್ಲಿ ಪರೀಕ್ಷಿಸದ ಕಂಪನಿ ಇನ್ನೊಂದು ದೇಶದ ಮಾರುಕಟ್ಟೆಗಾಗಿ ಅಲ್ಲಿ ಪರೀಕ್ಷಿಸಬಹುದು. ವಿದೇಶದಿಂದ ಬರುವ ನೆಂಟರು ತರುವ ಮೇಕಪ್ ಕಿಟ್‌ನ ಹಿನ್ನೆಲೆಯೂ ನಮಗೆ ಗೊತ್ತಿರುವುದಿಲ್ಲ.

ಕೊಳ್ಳುವಾಗ ಗಮನಿಸಿ

* ಜಿಗಿಯುವ ಮೊಲದ 'ಲೀಪಿಂಗ್ ಬನ್ನಿ' ಗುರುತು ಹುಡುಕಿ. ಕಚ್ಚಾ ಪದಾರ್ಥ ಪೂರೈಸುವವರನ್ನೂ ಪರಿಶೀಲಿಸಿ ಇದನ್ನು ಕೊಡುತ್ತಾರೆ. ಯಾವುದೋ ಒಂದು ಮೊಲದ ಚಿತ್ರ ಇದ್ದ ಮಾತ್ರಕ್ಕೆ ನಂಬಬೇಡಿ.
* ಹಸಿರು ಚುಕ್ಕೆ ಹೇಳುವುದು ಪದಾರ್ಥ ಸಸ್ಯಾಹಾರಿ ಎಂದಷ್ಟೇ, ಪರೀಕ್ಷೆಯ ಬಗ್ಗೆ ಅಲ್ಲ.
* 'ಕ್ರೂಯೆಲ್ಟಿ ಫ್ರೀ' ಎಂದರೆ ಸಸ್ಯಜನ್ಯ ಎಂದರ್ಥವಲ್ಲ. ಲಿಪ್‌ಸ್ಟಿಕ್‌ನ ಕಾರ್ಮೈನ್ ಕೀಟದಿಂದ ತೆಗೆದ ಕೆಂಪು, ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಬೇಡವೆನಿಸಿದರೆ ಪದಾರ್ಥಗಳ ಪಟ್ಟಿ ಓದಿ.
* ಅನುಮಾನವಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. "ಪದಾರ್ಥಗಳನ್ನಾಗಲಿ, ಸಿದ್ಧವಸ್ತುವನ್ನಾಗಲಿ ಯಾವುದೇ ದೇಶದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸ್ತೀರಾ?" ಅಂತ ನೇರವಾಗಿ ಕೇಳಿ.
* ಹೊಸದನ್ನು ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಮನೆಯ ಕಡಲೆಹಿಟ್ಟು, ಅರಿಶಿನಕ್ಕೂ ಇದೇ ಮಾತು.

ಮನೆಯಲ್ಲಿರೋದನ್ನೆಲ್ಲ ಇವತ್ತೇ ಬಿಸಾಡಬೇಕಿಲ್ಲ. ಮುಗಿದ ಹಾಗೆ ಒಂದೊಂದೇ ಬದಲಿಸಿ. ಗಿರಾಕಿಗಳು ಕೇಳಿದ್ದನ್ನೇ ಅಂಗಡಿಯವರು ತರಿಸೋದು. ಈ ಸಲ ಫ್ಯಾನ್ಸಿ ಸ್ಟೋರ್‌ಗೆ ಹೋದಾಗ ನೀವೂ ಕೇಳಿ, ಜೊತೆಗಿರುವ ಮಗಳಿಗೂ ಕೇಳುವುದನ್ನು ಕಲಿಸಿ.