ಘಟ್ಟ ಹತ್ತಿ ಬಂದ ಬೈಕು

ಡಿಸೆಂಬರಿನ ಬೆಳಗು. ಕಣಕ್ಕೆ ಹೊದಿಸಿದ ಟಾರ್ಪಾಲಿನ ಅಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ಚಿಕ್ಕಮಗಳೂರಿನ ಈ ಮಗ್ಗುಲಲ್ಲಿ ಕಾಫಿ ಕೊಯ್ಲು ಬಿರುಸಾಗಿರುವ ಹೊತ್ತು. ಕಾಫಿ ಬೇಗ ವಾಸನೆ ಹೀರುತ್ತದೆ, ಪೆಟ್ರೋಲಿನ ಕೆಲಸ ಕಣದ ಹತ್ತಿರ ಕೂಡದು. ಅದಕ್ಕೇ ದೂರದ ಜೀಪ್ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ, ಮುಂದೊಂದು ಬಿಳಿ ಎನಾಮಲ್ ತಟ್ಟೆ ಇಟ್ಟುಕೊಂಡು ಕೂತಿದ್ದೇನೆ. ಪಕ್ಕದಲ್ಲಿ ಅಕ್ಕನ ಮಗನ ಯಮಹಾ ಆರ್‌ಎಕ್ಸ್ 135. ಹೆಡ್‌ಲೈಟ್, ಇಂಡಿಕೇಟರ್ ಎಲ್ಲ ಕಳಚಿ, ಹಲ್ಲುಹಲ್ಲಾದ ಟೈರು ಹಾಕಿ, ಹೊಟ್ಟೆ ಉಬ್ಬಿದ ಸೈಲೆನ್ಸರ್ ಕೂರಿಸಿ ಮಣ್ಣಿನ ಟ್ರ್ಯಾಕಿಗೆಂದೇ ಸಜ್ಜು ಮಾಡಿದ ಬೈಕು.

ಇಲ್ಲಿಯ ರೇಸಿಗೆಂದು ನಿನ್ನೆ ಸಂಜೆ ಅದು ಮಂಗಳೂರಿನಿಂದ ಪಿಕಪ್ ಗಾಡಿಯಲ್ಲಿ ಚಾರ್ಮಾಡಿ ಘಟ್ಟ ಹತ್ತಿ ಬಂತು. ಇಳಿಸಿ ಕಿಕ್ ಹೊಡೆದರೆ ಸ್ಟಾರ್ಟ್ ಏನೋ ಆಯಿತು. ಆಕ್ಸಿಲರೇಟರ್ ತಿರುವಿದರೆ ಮಾತ್ರ ಗಂಟಲಲ್ಲಿ ಕಫ ಕಟ್ಟಿದ ಹಾಗೆ ಗೊರಗೊರ. ಶೆಡ್ಡಿನ ತುಂಬ ನೀಲಿ ಹೊಗೆ.

‘ಮಾವ, ಕೆಳಗೆ ಸರಿ ಇತ್ತು. ಸ್ವಲ್ಪ ಹೊಗೆ ಜಾಸ್ತಿ ಅಂತ ಬಿಟ್ರೆ ಎಂತದೂ ಇರ್ಲಿಲ್ಲ. ಇಲ್ಲಿ ಎಂತ ಆಯ್ತು ಇದಕ್ಕೆ?’

‘ಬೈಕಿಗೆ ಏನೂ ಆಗಿಲ್ಲ ಕಣೋ. ಗಾಳಿ ಬೇರೆ.’

ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ನಮ್ಮ ತೋಟ ಸುಮಾರು 1,100 ಮೀಟರ್ ಎತ್ತರದಲ್ಲಿ. ಅಲ್ಲಿಗಿಂತ ಇಲ್ಲಿಯ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು. ಕಾರ್ಬೊರೇಟರ್‌ಗೆ ಅದು ತಿಳಿಯದು. ಹಿತ್ತಾಳೆ ಜೆಟ್ಟಿನ ತೂತು ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲನ್ನು ಅದು ಎಳೆದುಕೊಡುತ್ತ ಹೋಗುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಯಿತು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಬೈಕು ‘ರಿಚ್’ ಓಡುತ್ತಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲಿನ ಹೊಸ ಬೈಕುಗಳಲ್ಲಿ ಈ ಲೆಕ್ಕವನ್ನು ಸೆನ್ಸರ್‌ಗಳು ನೋಡಿಕೊಳ್ಳುತ್ತವೆ. ಹಳೆಯ ಟೂ ಸ್ಟ್ರೋಕಿಗೆ ಲೆಕ್ಕ ಹಾಕಿಕೊಡಬೇಕಾದವರು ನಾವು.

ಮೊದಲು ಏರ್ ಫಿಲ್ಟರ್ ತೆಗೆದು ನೋಡಿದೆ. ಫಿಲ್ಟರ್ ಕಟ್ಟಿಕೊಂಡಿದ್ದರೂ ಗೊರಗೊರ ಹೀಗೇ ಇರುತ್ತದೆ, ಸುಮ್ಮನೆ ಜೆಟ್ ಬದಲಿಸಿ ಮೋಸ ಹೋಗುತ್ತೇವೆ. ಫಿಲ್ಟರ್ ಶುಭ್ರವಾಗಿತ್ತು. ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಕ್ಲ್ಯಾಂಪ್ ಸಡಿಲಿಸಿ ಕಾರ್ಬೊರೇಟರನ್ನು ಹೊರಗೆ ಎಳೆದೆ. ಬೌಲಿನಲ್ಲಿ ಉಳಿದಿದ್ದ ಪೆಟ್ರೋಲನ್ನು ತಟ್ಟೆಗೆ ಬಗ್ಗಿಸಿದರೆ, ತಳದಲ್ಲಿ ಎರಡು ನೀರಿನ ಹನಿ ಸಾಬೂದಾನಿ ಕಾಳಿನ ಹಾಗೆ ಉರುಳಾಡಿದವು. ಬಿಳಿ ತಟ್ಟೆ ಬೇಕಾಗುವುದು ಇದಕ್ಕೇ.

ಬೌಲ್ ಬಿಚ್ಚಿದರೆ ನಟ್ಟನಡುವೆ ಮೇನ್ ಜೆಟ್. ಪಕ್ಕದ ಕೊಳವೆಯೊಳಗೆ, ಆಳದಲ್ಲಿ, ಪೈಲಟ್ ಜೆಟ್. ಎರಡೂ ಮೆದು ಹಿತ್ತಾಳೆ. ಸ್ಕ್ರೂ ಡ್ರೈವರಿನ ಬಾಯಿ ಜೆಟ್ಟಿನ ಗೀರಿಗೆ ಪೂರ್ತಿ ಕೂರದಿದ್ದರೆ ಅಂಚು ಕಿತ್ತುಬರುತ್ತದೆ, ಆಮೇಲೆ ಅದನ್ನು ಹೊರಗೆ ತರುವುದು ದೊಡ್ಡ ಪಾಡು. ಉಸಿರು ಬಿಗಿಹಿಡಿದು ಒತ್ತಿ ತಿರುಗಿಸಿದೆ. ‘ಟಕ್’ ಎಂದು ಬಿಟ್ಟಿತು.

ಮೈಮೇಲೆ 115 ಎಂದು ಒತ್ತಿದ್ದಾರೆ. ಅಂಕಿ ದೊಡ್ಡದಾದಷ್ಟೂ ತೂತು ದೊಡ್ಡದು. ನನ್ನ ಡಬ್ಬಿಯಲ್ಲಿದ್ದ ಹೊಸ 115 ಅನ್ನೂ ಇದನ್ನೂ ಒಟ್ಟಿಗೆ ಹಿಡಿದು, ಆಕಾಶದ ಬೆಳಕಿಗೆ ಒಡ್ಡಿ, ಭೂತಗನ್ನಡಿಯಲ್ಲಿ ನೋಡಿದೆವು. ಹೊಸದರ ತೂತು ಹುಣ್ಣಿಮೆ ಚಂದ್ರನಂತೆ ದುಂಡಗಿತ್ತು. ಹುಡುಗನ ಜೆಟ್ಟಿನದು ಅದಕ್ಕಿಂತ ಅಗಲ, ಒಂದು ಮಗ್ಗುಲಿಗೆ ವಾಲಿಕೊಂಡಿದೆ, ಅಂಚಿನಲ್ಲಿ ಗೀರುಗಳು. ಯಾರೋ ತಂತಿಯನ್ನೋ ಡ್ರಿಲ್ಲನ್ನೋ ತೂರಿಸಿ ಅಗಲ ಮಾಡಿದ್ದಾರೆ. ಅಲ್ಲಿಗೆ ಆ 115ಕ್ಕೆ ಅರ್ಥವೇ ಇಲ್ಲದಾಯಿತು. ನನಗೆ ನಿಜಕ್ಕೂ ಸಿಟ್ಟು ಬಂತು. ಕಟ್ಟಿಕೊಂಡ ಜೆಟ್ಟಿಗೆ ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿದರೆ ಸಾಕು. ತಂತಿ ತೂರಿಸುವುದೆಂದರೆ ತಕ್ಕಡಿಯ ಕಲ್ಲನ್ನೇ ಕೆತ್ತಿದ ಹಾಗೆ.

ಹಗುರ ಗಾಳಿಯಿದ್ದರೂ ಮೊದಲು ಹಾಕಿದ್ದು 120. ಜೆಟ್ಟಿನಲ್ಲಿ ಯಾವತ್ತೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು. ಪೆಟ್ರೋಲ್ ಹೆಚ್ಚಾದರೆ ಪ್ಲಗ್ ಕಪ್ಪಾಗುತ್ತದೆ, ಒರೆಸಿಕೊಳ್ಳಬಹುದು. ಕಡಿಮೆಯಾದರೆ ಪಿಸ್ಟನ್ನೇ ಹೋಗುತ್ತದೆ.

ಬಿಸಿಲೇರುವವರೆಗೆ ಕಾದೆವು. ಮುಂಜಾನೆಯ ಚಳಿಗಾಳಿ ದಟ್ಟ, ರೇಸ್ ನಡೆಯುವುದು ಮಟಮಟ ಮಧ್ಯಾಹ್ನ. ಅಷ್ಟರಲ್ಲಿ ಆಕ್ಸಿಲರೇಟರ್ ಹಿಡಿಯ ಮೇಲೆ ಕೆಂಪು ಟೇಪಿನ ಚೂರು ಅಂಟಿಸಿ, ಅದರೆದುರು ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿದೆ. ಶುರುವಿನ ಕಾಲು ಭಾಗ ಪೈಲಟ್ ಜೆಟ್ಟಿನದು. ಮುಕ್ಕಾಲಿನವರೆಗೆ ಹೆಚ್ಚಿನ ಪಾಲು ಸ್ಲೈಡಿಗೆ ತೂಗಿಬಿದ್ದ ಸೂಜಿಯದು. ಅಲ್ಲಿಂದಾಚೆ ಮೇನ್ ಜೆಟ್ಟಿನ ಕಾರುಬಾರು. ತೊಂದರೆ ಎಲ್ಲಿ ಎಂದು ಕೈಗೆ ಗೊತ್ತಾಗಬೇಕಾದರೆ ಈ ಗುರುತು ಬೇಕು.

ತೋಟದ ನೇರ ಏರುದಾರಿಯಲ್ಲಿ ಹುಡುಗ ಮೂರನೇ ಗೇರಿನಲ್ಲಿ ಪೂರ್ತಿ ತಿರುವಿಕೊಂಡು ಹೋದ. ತುದಿಯಲ್ಲಿ ಕ್ಲಚ್ ಒತ್ತಿ, ಇಂಜಿನ್ ಆಫ್ ಮಾಡಿ, ಹಾಗೇ ಜಾರಿಕೊಂಡು ನಿಂತ. ಬಟ್ಟೆಯಲ್ಲಿ ಹಿಡಿದು ಪ್ಲಗ್ ಬಿಚ್ಚಿದೆವು. ಕಣದಲ್ಲಿ ಆ ಹೊತ್ತಿಗೆ ಎರಡು ಬಗೆಯ ಕಾಫಿ ಹರವಿದ್ದರು: ಸಿಪ್ಪೆ ಸಮೇತ ಒಣಗಿ ಕಪ್ಪಗಾದ ಚೆರಿ, ಪಲ್ಪರ್‌ಗೆ ಹಾಕಿ ತೊಳೆದ ಬಿಳಿಚು ಪಾರ್ಚ್‌ಮೆಂಟ್. 120ರ ಪ್ಲಗ್ ಥೇಟ್ ಚೆರಿಯ ಬಣ್ಣ, ಮೇಲೆ ಜಿಡ್ಡು.

ಹೊಸ 115 ಹಾಕಿದೆವು. ಗೊರಗೊರ ಹೋಯಿತು. ಪ್ಲಗ್ ಕಂದು ಬಣ್ಣಕ್ಕೆ ತಿರುಗಿತು.

‘ಇನ್ನೂ ಒಂದು ಇಳಿಸುವ ಮಾವ.’

ಬೇಡವೆಂದರೆ ಅವನಿಗೆ ಒಳಗೊಳಗೇ ಅನುಮಾನ ಉಳಿಯುತ್ತದೆ. ಒಂದೇ ಒಂದು ಸಲ, ಚಿಕ್ಕ ಓಟ ಎಂದು ಹೇಳಿ 110 ಕೂರಿಸಿದೆ. ಬೈಕು ಬಾಣದ ಹಾಗೆ ಹೋಯಿತು. ಸದ್ದು ಎಂಥ ಸದ್ದು! ತಂತಿ ಬಿಗಿದ ತಂಬೂರಿಯ ಹಾಗೆ ತೆಳ್ಳಗೆ, ಚೊಕ್ಕ. ಕೆಳಗಿಳಿದವನ ಮುಖದಲ್ಲಿ ಹಿಡಿಸಲಾರದ ಖುಷಿ. ‘ಇದೇ ಇರ್ಲಿ ಮಾವ!’

ಮಾತಾಡದೆ ಪ್ಲಗ್ ಬಿಚ್ಚಿ ಅವನ ಅಂಗೈಗೆ ಇಟ್ಟೆ. ಪಾರ್ಚ್‌ಮೆಂಟಿನ ಬಿಳುಪು.

ಟೂ ಸ್ಟ್ರೋಕಿನಲ್ಲಿ ಹೆದರಬೇಕಾದ್ದು ಈ ಸೊಗಸಿಗೇ. ಪೆಟ್ರೋಲ್ ಕಡಿಮೆಯಾದಾಗ ಇಂಜಿನ್ ಚುರುಕಾಗುತ್ತದೆ, ಹೊಗೆ ಮಾಯವಾಗುತ್ತದೆ, ಸವಾರನಿಗೆ ಗೆದ್ದೆನೆನಿಸುತ್ತದೆ. ಒಳಗೆ ಮಾತ್ರ ಕಾವು ಏರುತ್ತಿರುತ್ತದೆ. ನಾವು ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕುವುದರಿಂದ, ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ. ಟ್ರ್ಯಾಕಿನ ನಾಲ್ಕನೇ ಸುತ್ತಿನಲ್ಲೋ ಐದನೆಯದರಲ್ಲೋ ಇಂಜಿನ್ ಸೀಜ್ ಆಗಿ, ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಂಡರೆ ನೆಲಕ್ಕೆ ಬೀಳುವವನು ಅವನು. ನನಗೆ ಪಿಸ್ಟನ್‌ನ ಚಿಂತೆಗಿಂತ ಅವನ ಕಾಲರ್ ಮೂಳೆಯ ಚಿಂತೆ.

ಅವನು ಪ್ಲಗ್ಗನ್ನು ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಸ್ಕ್ರೂ ಡ್ರೈವರ್ ತೆಗೆದುಕೊಂಡು 115 ಅನ್ನು ವಾಪಸ್ ಕೂರಿಸಿದ.

ಮಿಕ್ಕಿದ್ದು ಸಣ್ಣ ಕೆಲಸ. ಅರ್ಧ ತಿರುವಿನಲ್ಲಿ ಒಂಚೂರು ಮಿಸ್ಸಿಂಗ್ ಇತ್ತು. ಸೂಜಿಯ ಕ್ಲಿಪ್ಪನ್ನು ನಡುವಿನ ಕಚ್ಚಿನಿಂದ ಒಂದು ಕಚ್ಚು ಮೇಲಕ್ಕೆ ಹಾಕಿದಾಗ ಸೂಜಿ ಅಷ್ಟು ಕೆಳಗಿಳಿದು ಅದೂ ಹೋಯಿತು. ಏರ್ ಸ್ಕ್ರೂವನ್ನು ಒಂದೂವರೆ ಸುತ್ತಿನಿಂದ ಎರಡಕ್ಕೆ ಬಿಚ್ಚಿದಾಗ ಐಡ್ಲಿಂಗ್ ನೆಟ್ಟಗಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದೂ ನೋಟ್‌ಬುಕ್ಕಿಗೆ.

ನಾಲ್ಕು ಗಂಟೆಗೆ ಬೈಕು ಮತ್ತೆ ಪಿಕಪ್ ಏರಿತು. ಮೊದಲು ಇಲ್ಲಿಯ ರೇಸು, ಆಮೇಲೆ ಅದು ಮಂಗಳೂರಿಗೆ ಇಳಿಯುತ್ತದೆ. ಕೆಳಗಿನ ದಟ್ಟ ಗಾಳಿಗೆ ಈ 115 ಸಾಲದು, ಅಲ್ಲಿ ಅದೇ 110ರ ಕಥೆ. ಖಾಲಿ ವಿಭೂತಿ ಭರಣಿಯೊಂದರಲ್ಲಿ 120, 125 ಎರಡನ್ನೂ ಹತ್ತಿಯಲ್ಲಿ ಸುತ್ತಿಟ್ಟು ಕೊಟ್ಟೆ. ಮುಚ್ಚಳದ ಮೇಲೆ ಅವನು ಮಾರ್ಕರ್ ಪೆನ್ನಿನಲ್ಲಿ ‘ಊರಿಗೆ. ದೊಡ್ಡದು ಮೊದಲು’ ಎಂದು ಬರೆದು, ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.